ಬೆಳಕಿಗೆ ಕುಗ್ಗದ ಕಣ್ಣಪಾಪೆ

"ಇನ್ನೊಂದು ಸಲ ಬಿಡಿ," ಎಂದ ನಿಧಾನಿ.

ಡಾಕ್ಟರಮ್ಮ ಕುರಿಯ ಕುತ್ತಿಗೆಯನ್ನು ಎರಡು ಮೊಣಕಾಲುಗಳ ನಡುವೆ ಅದುಮಿಕೊಂಡು, ಗದ್ದ ಎತ್ತಿ, ಟಾರ್ಚಿನ ಬೆಳಕನ್ನು ನೇರವಾಗಿ ಅದರ ಕಣ್ಣಿಗೆ ಬಿಟ್ಟಳು.

ಏನೂ ಆಗಲಿಲ್ಲ.

ಹಗಲಿನಲ್ಲಿ ಕುರಿಯ ಕಣ್ಣಪಾಪೆ ಅಡ್ಡಕ್ಕೆ ಎಳೆದ ಗೀಟಿನಷ್ಟೇ ಇರಬೇಕು. ಇದರದ್ದು ಬಾವಿಯ ಬಾಯಿಯ ಹಾಗೆ ತೆರೆದುಕೊಂಡೇ ಇತ್ತು. ಬೆಳಕು ಒಳಗೆ ಬಿದ್ದು ಅಲ್ಲೇ ಮುಳುಗಿಹೋಯಿತು.

"ಬಿಟ್ಟುಬಿಡಿ ನೋಡೋಣ."

ಕುರಿ ನಾಲ್ಕು ಹೆಜ್ಜೆ ನೆಟ್ಟಗೆ ನಡೆಯಿತು. ನಿಧಾನಿ ಕಾಲಿನಿಂದ ದಾರಿಗೆ ಸರಿಸಿಟ್ಟಿದ್ದ ತಗಡಿನ ಬಕೆಟ್ಟಿಗೆ ಡಿಕ್ಕಿ ಹೊಡೆಯಿತು. ಬಕೆಟ್ಟು ಉರುಳಿತು. ಕುರಿ ಬೆದರಿ ಪಕ್ಕಕ್ಕೆ ತಿರುಗಿ ಗೋಡೆಗೆ ಗುದ್ದಿತು. ಹಣೆಯನ್ನು ಗೋಡೆಗೆ ಒತ್ತಿಕೊಂಡು ಅಲ್ಲೇ ನಿಂತುಬಿಟ್ಟಿತು.

"ಹನ್ನೆರಡು," ಎಂದಳು ಡಾಕ್ಟರಮ್ಮ. ಅವಳ ಉಸಿರು ಏರಿತ್ತು. "ಉಳಿದಿರೋ ಹದಿನಾಲ್ಕರಲ್ಲಿ ಹನ್ನೆರಡು ಪೂರ್ತಿ ಕುರುಡು ಸಾರ್. ಸತ್ತ ನಲವತ್ತರ ಕಥೆಯೂ ಇದೇ ಅಂತ ಕಾಣುತ್ತೆ."

ಆರು ದಿನದ ಹಿಂದೆ, ಹದಿನೇಳನೇ ತಾರೀಖು, ಸುಡುವ ಹಗಲಿನಲ್ಲಿ, ಈ ಮಂದೆಯ ನಲವತ್ತು ಕುರಿಗಳೂ ಅವುಗಳ ಒಡೆಯನೂ ಹಳೆಯ ಕಲ್ಲುಗಣಿಯೊಳಗೆ ಬಿದ್ದು ಸತ್ತಿದ್ದರು. ಬೀದಿನಾಯಿಗಳು ಅಟ್ಟಿಸಿರಬೇಕು ಎಂದು ನೆರೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಒಂದು ಹಳ್ಳಕ್ಕೆ ಬಿದ್ದರೆ ಉಳಿದವೂ ಬೀಳುತ್ತವೆ, ಕುರಿ ಅಂದರೆ ಕುರಿಯೇ ತಾನೆ?

ನಿಧಾನಿ ಒಪ್ಪಿರಲಿಲ್ಲ. ಗಣಿಯ ಅಂಚಿನಲ್ಲಿ ನಾಯಿಯ ಹೆಜ್ಜೆ ಒಂದೂ ಇರಲಿಲ್ಲ. ಮೇಲಾಗಿ ಸತ್ತವನ ಅಂಗೈ ತರಚಿರಲಿಲ್ಲ. ಬೀಳುವವನು ನೆಲ ಕಂಡ ಕ್ಷಣ ಕೈ ಚಾಚುತ್ತಾನೆ. ಈತ ಚಾಚಿರಲಿಲ್ಲ. ಶವಪರೀಕ್ಷೆಯವರಿಗೆ ಅದನ್ನೇ ಹೇಳಿ, ತಲೆಯನ್ನೂ ಕಣ್ಣನ್ನೂ ಇನ್ನೊಮ್ಮೆ ನೋಡಿ ಎಂದು ಬರೆದು ಕಳಿಸಿದ್ದ.

ಠಾಣೆಯ ಹುಡುಗರು ಈ ತನಿಖಾಧಿಕಾರಿಗೆ ನಿಧಾನಿ ಎಂದು ಹೆಸರಿಟ್ಟಿದ್ದರು. ಅವನು ನಡೆಯುವುದು ನಿಧಾನ, ಉಣ್ಣುವುದು ನಿಧಾನ, ಸಿಟ್ಟಾಗುವುದಂತೂ ಇನ್ನೂ ನಿಧಾನ. ಆದರೆ ಒಮ್ಮೆ ಹಿಡಿದ ಎಳೆಯನ್ನು ಅವನು ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ.

"ಕಣ್ಣು ಹೋಗೋದು ಯಾವುದರಿಂದ?" ಎಂದು ಕೇಳಿದ.

ಡಾಕ್ಟರಮ್ಮ ಟಾರ್ಚು ಆರಿಸಿ ಕೈ ಒರೆಸಿಕೊಂಡಳು. "ಜಂತುಹುಳದ ಔಷಧಿಗಳಲ್ಲಿ ಒಂದು ಜಾತಿ ಇದೆ. ರಕ್ತ ಹೀರೋ ಹುಳಕ್ಕೆ ಅಂತಲೇ ಇರೋದು. ಅಳತೆಯಲ್ಲಿ ಕೊಟ್ಟರೆ ಒಳ್ಳೇ ಔಷಧಿ. ಎರಡು ಪಟ್ಟು, ಮೂರು ಪಟ್ಟು ಕೊಟ್ಟರೆ ಕಣ್ಣಿನ ನರ ಊದಿಕೊಂಡು ಸಾಯುತ್ತೆ. ಅವತ್ತೇ ಗೊತ್ತಾಗಲ್ಲ. ಐದು ದಿನ, ಎಂಟು ದಿನ, ಹತ್ತು ದಿನ. ಆಮೇಲೆ ಒಂದೊಂದಾಗಿ ಗೋಡೆಗೆ ಗುದ್ದೋಕೆ ಶುರುಮಾಡ್ತವೆ. ಹೋದ ಕಣ್ಣು ಮತ್ತೆ ಬರಲ್ಲ."

"ಯಜಮಾನನೇ ಕುಡಿಸಿರಬಹುದಾ?"

"ಅವರಾ?" ಅವಳು ತಲೆ ಅಲ್ಲಾಡಿಸಿದಳು. "ಇಡೀ ಸೀಮೆಯಲ್ಲಿ ಅವರೊಬ್ಬರು ಮಾತ್ರ ಹಾಗೆ ಮಾಡ್ತಿರಲಿಲ್ಲ."

ಡಾಕ್ಟರಮ್ಮ ಪಶು ಪ್ರಯೋಗಾಲಯಕ್ಕೆ ಬಂದು ನಾಲ್ಕು ತಿಂಗಳಾಗಿತ್ತಷ್ಟೇ. ಆ ನಾಲ್ಕು ತಿಂಗಳೂ ಸತ್ತವನು ತಪ್ಪದೆ ಬಸ್ಸು ಹತ್ತಿ ಅವಳಲ್ಲಿಗೆ ಹೋಗಿದ್ದ. ಒಂದೊಂದು ಕುರಿಯ ಹಿಕ್ಕೆಯನ್ನೂ ಬೇರೆಬೇರೆ ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿ ಒಯ್ಯುತ್ತಿದ್ದ. ಮೈಕ್ರೋಸ್ಕೋಪಿನಲ್ಲಿ ಹುಳದ ಮೊಟ್ಟೆ ಎಣಿಸುವವರೆಗೂ ಬೆಂಚಿನ ಮೇಲೆ ಕಾಯುತ್ತಿದ್ದ.

"ಡಾಕ್ಟರ ಮನೆಗೆ ಹೋಗೋರು ಹಣ್ಣು ತಗೊಂಡು ಹೋಗ್ತಾರೆ, ನಾನು ಹಿಕ್ಕೆ ತಂದಿದೀನಿ ಅಂತ ನಗೋರು," ಎಂದಳು.

ಕೊಟ್ಟಿಗೆಯ ಹಲಗೆಯ ಮೇಲೆ ಸತ್ತವನ ನೋಟುಬುಕ್ಕು ಇತ್ತು. ಅದರೊಳಗೆ ಅಂಗೈ ಅಗಲದ ಒಂದು ಕಾರ್ಡು. ಕಾರ್ಡಿನ ಮೇಲೆ ಐದು ಬಣ್ಣದ ಚೌಕ, ಗಾಢ ಕೆಂಪಿನಿಂದ ಹಿಡಿದು ಕಾಗದದ ಬಿಳುಪಿನವರೆಗೆ.

"ಹದಿನೈದು ದಿನಕ್ಕೊಮ್ಮೆ ಪ್ರತಿ ಕುರಿಯ ಕೆಳರೆಪ್ಪೆ ಎಳೆದು ಈ ಬಣ್ಣಕ್ಕೆ ಹೋಲಿಸಿ ನೋಡೋರು," ಎಂದು ಡಾಕ್ಟರಮ್ಮ ತೋರಿಸಿದಳು. "ರೆಪ್ಪೆಯೊಳಗೆ ಕೆಂಪಗಿದ್ರೆ ರಕ್ತ ಇದೆ ಅಂತ ಅರ್ಥ, ಔಷಧಿ ಬೇಡ. ಬಿಳಿಚಿದ್ರೆ ಹುಳ ರಕ್ತ ಕುಡೀತಿದೆ ಅಂತ, ಅದಕ್ಕೆ ಮಾತ್ರ ಔಷಧಿ."

"ಎಲ್ಲಕ್ಕೂ ಕುಡಿಸಿಬಿಟ್ಟರೆ ನಷ್ಟ ಏನು? ಹುಳ ಪೂರ್ತಿ ನಿರ್ನಾಮ ಆಗುತ್ತಲ್ಲ?"

"ಆಗಲ್ಲ ಸಾರ್. ನೂರಲ್ಲಿ ತೊಂಬತ್ತೆಂಟು ಸಾಯುತ್ತೆ. ಔಷಧಿಗೂ ಜಗ್ಗದ ಎರಡು ಉಳ್ಕೊಳ್ಳುತ್ತೆ. ಆಮೇಲೆ ಹುಲ್ಲಿನ ಮೇಲೆಲ್ಲ ಆ ಎರಡರ ಸಂತಾನವೇ. ಔಷಧಿ ಕುಡಿಯದ ಕುರಿಗಳ ಹೊಟ್ಟೇಲಿ ಮೆತ್ತಗಿನ ಹುಳ ಸ್ವಲ್ಪ ಉಳಿದಿದ್ರೆ, ಗಟ್ಟಿ ಹುಳದ ಜೊತೆ ಬೆರೆತು ಅದರ ಜೋರು ತಗ್ಗಿಸುತ್ತೆ. ಔಷಧಿ ಇನ್ನೂ ಹತ್ತು ವರ್ಷ ಕೆಲಸಕ್ಕೆ ಬರುತ್ತೆ."

ನಿಧಾನಿ ನೋಟುಬುಕ್ಕು ತಿರುವಿದ. ಗುಂಡಗಿನ, ಒತ್ತೊತ್ತಾದ ಅಕ್ಷರ. ಯಾವ ಹುಲ್ಲುಗಾವಲಿನಲ್ಲಿ ಯಾವಾಗ ಮೇಯಿಸಿದ್ದು, ಯಾವುದಕ್ಕೆ ಯಾವಾಗಿನವರೆಗೆ ಬಿಡುವು, ಎಲ್ಲ ಬರೆದಿತ್ತು. ಹುಲ್ಲಿನ ಮೇಲಿನ ಮರಿಹುಳ ಸಾಯುವವರೆಗೂ ಆ ಗಾವಲಿಗೆ ಕುರಿ ಕಾಲಿಡಬಾರದು.

ಒಂದು ಸಾಲಿನ ಮೇಲೆ ಅವನ ಬೆರಳು ನಿಂತಿತು.

*ಗಣಿ ಪಕ್ಕದ ಗಾವಲು: ಬರುವ ತಿಂಗಳ ಹತ್ತರವರೆಗೆ ರಜೆ.*

"ಹದಿನೇಳಕ್ಕೆ ಆ ಗಾವಲಿನ ಗೇಟು ತೆಗೆದಿತ್ತು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇಷ್ಟು ಶಿಸ್ತಿನ ಮನುಷ್ಯ ತಾನೇ ರಜೆ ಕೊಟ್ಟ ಗಾವಲಿಗೆ ಮಂದೆ ಹೊಡೆದುಕೊಂಡು ಯಾಕೆ ಹೋದ?

ಮತ್ತೊಂದು ಪುಟ. ಐದನೇ ತಾರೀಖು: ಐವತ್ತನಾಲ್ಕು ಕುರಿಗಳ ರೆಪ್ಪೆ ನೋಡಿದೆ. ಬಿಳಿಚಿದ್ದು ಐದು. ಐದಕ್ಕೂ ತೂಕ ನೋಡಿ ಕುಡಿಸಿದೆ. ಉಳಿದವಕ್ಕೆ ಇಲ್ಲ.

"ಕಣ್ಣು ಕಾಣೋ ಎರಡು ಕುರಿ ಇದಾವಲ್ಲ, ಅವು ಯಾವುವು?"

ಡಾಕ್ಟರಮ್ಮ ಮೂಲೆಯತ್ತ ತೋರಿಸಿದಳು. ಎರಡು ತಾಯಿ ಕುರಿಗಳು. ಎರಡರ ಬಗಲಲ್ಲೂ ಹಾಲು ಕುಡಿಯುವ ಮರಿ.

ನಿಧಾನಿ ಅವುಗಳ ಕಿವಿಯೋಲೆಯ ನಂಬರು ನೋಡಿ ಪುಟ ಹುಡುಕಿದ. ಈದದ್ದು ನಾಲ್ಕನೇ ತಾರೀಖು. ಬಾಣಂತಿ ಕೋಣೆಯಿಂದ ಬಿಟ್ಟದ್ದು ಒಂಬತ್ತಕ್ಕೆ. ಆ ಕೋಣೆಗೆ ಬೀಗ ಇತ್ತು. ಬೀಗದ ಕೈ ಸತ್ತವನ ಸೊಂಟದಲ್ಲಿ ಇರುತ್ತಿತ್ತು.

"ಅಂದ್ರೆ ಇವೆರಡು ಒಳಗಿದ್ದಾಗ ಯಾರೋ ಹೊರಗಿದ್ದ ಮಂದೆಗೆಲ್ಲ ಕುಡಿಸಿದಾರೆ. ಐದರಿಂದ ಒಂಬತ್ತರ ಒಳಗೆ. ಅಷ್ಟರಲ್ಲಿ ಯಜಮಾನ ಮನೆ ಬಿಟ್ಟು ಹೋಗಿದ್ದು ಯಾವತ್ತು?"

ಡಾಕ್ಟರಮ್ಮ ಒಂದು ಕ್ಷಣ ತಡೆದು ಹೇಳಿದಳು. "ಆರನೇ ತಾರೀಖು. ನನ್ನ ಹತ್ರ ಬಂದಿದ್ರು. ಸಂಜೆವರೆಗೂ ಲ್ಯಾಬಲ್ಲೇ ಇದ್ರು."

ಉಣ್ಣೆ ಕೊಠಡಿಯಲ್ಲಿ ಸತ್ತವನ ತಮ್ಮ ಮೂಟೆಗಳಿಗೆ ಬಾಯಿ ಹೊಲಿಯುತ್ತಿದ್ದ. ಮೂವತ್ತೆರಡರ ಗಟ್ಟಿ ಆಳು. ಅಣ್ಣ ಸತ್ತ ದಿನದಿಂದ ಗಡ್ಡ ತೆಗೆದಿರಲಿಲ್ಲ. ಇಬ್ಬರೂ ಬಂದದ್ದು ನೋಡಿ ದಬ್ಬಣವನ್ನು ಮೂಟೆಗೆ ಚುಚ್ಚಿಟ್ಟು ಎದ್ದು ನಿಂತ.

ನಿಧಾನಿ ಒಂದು ಮೂಟೆಯ ಮೇಲೆ ಆರಾಮಾಗಿ ಕುಳಿತ.

"ಆರನೇ ತಾರೀಖು ಎಲ್ಲಿದ್ದೆಪ್ಪಾ?"

"ಇಲ್ಲೇ ಇದ್ದೆ ಸಾರ್. ಔಷಧಿ ಕಪಾಟಿನ ತಂಟೆಗೂ ಹೋಗಿಲ್ಲ."

ಹೊರಗೆ ಒಂದು ಕುರಿ ಅರಚಿತು. ಕುಂಬಳಕಾಯಿ ಕಳ್ಳ ಯಾರು ಎಂದು ಕೇಳುವ ಮೊದಲೇ ಈತ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಅದು ತಮ್ಮನಿಗೂ ಹೊಳೆಯಿತು. ಮುಖದ ಬಣ್ಣ ಇಳಿಯಿತು.

"ಔಷಧಿ ಮಾತು ನಾನು ಎತ್ತಲೇ ಇಲ್ಲವಲ್ಲ," ಎಂದ ನಿಧಾನಿ, ಮೆಲ್ಲಗೆ.

ತಮ್ಮ ಗೋಡೆಗೆ ಒರಗಿದ. ಹಾಗೇ ಜಾರಿ ಕೂತ.

"ಹೋದ ವರ್ಷ ಒಂಬತ್ತು ಮರಿ ನನ್ನ ಕೈಯಲ್ಲೇ ಸತ್ತವು ಸಾರ್. ಗದ್ದದ ಕೆಳಗೆ ನೀರು ತುಂಬ್ಕೊಂಡು ಚೀಲದ ಹಾಗೆ ಜೋತಾಡ್ತಿತ್ತು. ಎತ್ತಿಕೊಂಡರೆ ಮೈಯಲ್ಲಿ ತೂಕವೇ ಇಲ್ಲ. ಎಲ್ಲಕ್ಕೂ ಕುಡಿಸಿಬಿಡೋಣ ಅಣ್ಣಾ ಅಂತ ಕಾಲು ಹಿಡ್ಕೊಂಡೆ. ಒಪ್ಪಲಿಲ್ಲ. ಎಂಟು ವರ್ಷ ತಿಂಗಳು ತಿಂಗಳು ಎಲ್ಲಕ್ಕೂ ಕುಡಿಸಿದ್ದಕ್ಕೇ ಹುಳ ಹೀಗೆ ಕೊಬ್ಬಿರೋದು, ತಪ್ಪು ನಮ್ಮದೇ ಕಣೋ ಅಂದ. ಮನೆಯಲ್ಲಿ ಹುಳ ಸಾಕೋ ಬುದ್ಧಿವಂತ ಇವನೊಬ್ಬನೇ ಅಂತ ನಾನೂ ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಆರನೇ ತಾರೀಖು ಕುಡಿಸಿದೆ."

"ಕುಡಿಸಿದೆ."

"ಎಷ್ಟು?"

ತಮ್ಮ ತಲೆ ಎತ್ತಲಿಲ್ಲ. "ಮೂರು ಪಟ್ಟು."

ಡಾಕ್ಟರಮ್ಮ ಬಾಯಿಗೆ ಕೈ ಒತ್ತಿಕೊಂಡಳು. ನಿಧಾನಿ ಮಾತ್ರ ಕದಲಲಿಲ್ಲ.

"ಬಾಟಲಿ ಮೇಲೆ ಅಳತೆ ಬರೆದಿರುತ್ತೆ. ನಿನಗೆ ಓದೋಕೆ ಬರುತ್ತೆ. ಮೂರು ಪಟ್ಟು ಅಂತ ಹೇಳಿದ್ದು ಯಾರು?"

ಆಗ ತಮ್ಮ ತಲೆ ಎತ್ತಿದ. ಅವನ ಕಣ್ಣು ನಿಧಾನಿಯನ್ನು ದಾಟಿ ಹಿಂದೆ ಹೋಯಿತು.

"ಇವರೇ ಹೇಳಿದ್ದಲ್ವಾ ಸಾರ್!"

"ನಾನಾ?" ಎಂದಳು ಡಾಕ್ಟರಮ್ಮ.

"ಆರನೇ ತಾರೀಖು ಬೆಳಿಗ್ಗೆ, ಅಣ್ಣ ಬಸ್ಸು ಹತ್ತಿದ ಮೇಲೆ, ಮನೆಗೆ ಫೋನ್ ಬಂತು. ಅತ್ತಿಗೆ ತಗೊಂಡ್ರು. ನನ್ನ ಹತ್ರ ಓಡಿ ಬಂದು ಹೇಳಿದ್ರು, ಲ್ಯಾಬಿನ ಡಾಕ್ಟರಮ್ಮ ಫೋನ್ ಮಾಡಿದಾರೆ, ಹಿಕ್ಕೆಯಲ್ಲಿ ಹುಳ ವಿಪರೀತ ಇದೆಯಂತೆ, ಇವತ್ತೇ ಎಲ್ಲಕ್ಕೂ ಮೂರು ಪಟ್ಟು ಕುಡಿಸಬೇಕಂತೆ, ಅಣ್ಣನಿಗೆ ತಾವೇ ಹೇಳ್ತಾರಂತೆ ಅಂತ. ಕೊನೆಗೂ ನನ್ನ ಮಾತೇ ಗೆದ್ದಿತು ಅಂದ್ಕೊಂಡೆ. ಖುಷಿಯಾಯ್ತು ಸಾರ್. ಹಾಡು ಹೇಳ್ಕೊಂಡು ಕುಡಿಸಿದೆ."

"ಸುಳ್ಳು!" ಡಾಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಈ ಮನೆಗೆ ನಾನು ಒಂದು ಸಲಾನೂ ಫೋನ್ ಮಾಡಿಲ್ಲ. ಇವರ ಅತ್ತಿಗೆ ಮುಖ ಕೂಡ ನಾನು ನೋಡಿಲ್ಲ."

"ತಡೀರಿ," ಎಂದ ನಿಧಾನಿ. ತಮ್ಮನ ಕಡೆ ಬಾಗಿದ. "ಕುರಿಗಳ ಕಣ್ಣು ಹೋಗಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಹದಿಮೂರಕ್ಕೆ. ಕಂಬಕ್ಕೆ ಹೊಡ್ಕೋತಿದ್ದವು."

"ಅಣ್ಣನಿಗೆ ಹೇಳಿದೆಯಾ?"

"ಹೆದರಿಕೆ ಆಯ್ತು ಸಾರ್. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾದೆ. ಅಣ್ಣ ಕೇಳಲೇ ಇಲ್ಲ." ಅವನು ಮೂಟೆಯಿಂದ ಒಂದು ಎಳೆ ಉಣ್ಣೆ ಕಿತ್ತ. "ಅವನ ಎದುರಿಗೇ ಒಂದು ಕುರಿ ಹೋಗಿ ಗೋಡೆಗೆ ಗುದ್ದಿತು. ಅಣ್ಣ ಆ ಕಡೆಗೇ ನೋಡ್ತಾ ನಿಂತಿದ್ದ. ಏನೂ ಅನ್ನಲಿಲ್ಲ. ಎಲ್ಲ ಗೊತ್ತಾಗಿದೆ, ಗೊತ್ತಿದ್ದೂ ನನ್ನನ್ನ ಕ್ಷಮಿಸಿದಾನೆ ಅಂದ್ಕೊಂಡೆ. ಆ ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಬಂತು ನನಗೆ."

ಅವನು ಮುಖವನ್ನು ಉಣ್ಣೆಯ ಮೂಟೆಗೆ ಒತ್ತಿಕೊಂಡ. ದೊಡ್ಡ ಆಳಿನ ಅಳು. ಮೂಟೆಯೊಳಗೆ ಇಂಗಿಹೋಗಿ ಹೊರಗೆ ಸದ್ದೇ ಬರುತ್ತಿರಲಿಲ್ಲ, ಬೆನ್ನು ಮಾತ್ರ ಅದುರುತ್ತಿತ್ತು.

ನಿಧಾನಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಶವಪರೀಕ್ಷೆಯ ಡಾಕ್ಟರು.

ಅವನು ಎದ್ದು ಬಾಗಿಲಿಗೆ ಹೋಗಿ ಕೇಳಿಸಿಕೊಂಡ. "ಹೂಂ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಪೆಟ್ಟಿನಿಂದ ಆಗಿರೋದು ಅಲ್ಲ ತಾನೆ?" ಎಂದ. ಮತ್ತೆ "ಹೂಂ." ಫೋನು ಇಟ್ಟ ಮೇಲೂ ಅಂಗಳ ನೋಡುತ್ತ ನಿಂತೇ ಇದ್ದ.

"ಏನಂತೆ ಸಾರ್?" ಡಾಕ್ಟರಮ್ಮ ಕೇಳಿದಳು.

"ಸತ್ತವನ ಕಣ್ಣಿನ ನರ ಎರಡೂ ಊದಿಕೊಂಡಿದೆಯಂತೆ. ಬಿದ್ದಾಗ ಆದದ್ದಲ್ಲ. ನಾಲ್ಕೈದು ದಿನ ಮೊದಲಿನಿಂದಲೇ ಅವನಿಗೆ ಏನೂ ಕಾಣ್ತಿರಲಿಲ್ಲವಂತೆ."

ತಮ್ಮ ಮೂಟೆಯಿಂದ ಮುಖ ಎತ್ತಿದ. ಅವನಿಗೆ ಅರ್ಥವಾಗಲು ಒಂದೆರಡು ಕ್ಷಣ ಹಿಡಿಯಿತು. ಅಣ್ಣ ಕ್ಷಮಿಸಿರಲಿಲ್ಲ. ಅಣ್ಣನಿಗೆ ಕುರಿಯೂ ಕಂಡಿರಲಿಲ್ಲ, ಗೋಡೆಯೂ ಕಂಡಿರಲಿಲ್ಲ, ತಮ್ಮನ ಮುಖವೂ ಕಂಡಿರಲಿಲ್ಲ.

"ನಾನು ಕುರಿಗೆ ಕುಡಿಸಿದೆ," ಎಂದ. "ಅಣ್ಣನಿಗೆ ನಾನು ಏನೂ ಕೊಟ್ಟಿಲ್ಲ ಸಾರ್. ಅಣ್ಣನಿಗೆ ಯಾರು ಕೊಟ್ಟರು?"

ನಿಧಾನಿ ಅಂಗಳಕ್ಕೆ ಇಳಿದ.

ಉಣ್ಣೆ ಕೊಠಡಿಯಿಂದ ಮನೆಗೆ ಐವತ್ತು ಹೆಜ್ಜೆ. ನಿಧಾನಿ ಅದನ್ನು ನೂರು ಮಾಡಿ ನಡೆದ. ಪಕ್ಕದಲ್ಲಿ ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಬರುತ್ತಿದ್ದಳು.

ಕಣ್ಣು ಕಾಣದವನು ಮೂರು ಗೇಟು ದಾಟಿ, ತಾನೇ ಬಿಡುವು ಕೊಟ್ಟ ಗಾವಲಿನ ಅಗಳಿ ತೆಗೆದು, ಕಣ್ಣು ಕಾಣದ ಮಂದೆಯನ್ನು ಗಣಿಯ ಅಂಚಿಗೆ ಕರೆದೊಯ್ಯುವುದು ಆಗದ ಮಾತು. ಯಾರೋ ಕೈ ಹಿಡಿದು ನಡೆಸಿದ್ದಾರೆ. ನೆಚ್ಚಿನವರು. ದನಿ ಕೇಳಿದರೆ ನಂಬುವಂಥವರು.

ಫೋನಿನ ಮಾತಿಗೆ ಮೂರು ದಾರಿ ಇತ್ತು. ತಮ್ಮ ಸುಳ್ಳು ಹೇಳುತ್ತಿರಬಹುದು. ಅತ್ತಿಗೆ ತಮ್ಮನಿಗೆ ಸುಳ್ಳು ಹೇಳಿರಬಹುದು. ಇಲ್ಲವೇ ಬೇರೆ ಯಾರೋ ಡಾಕ್ಟರಮ್ಮನ ಹೆಸರು ಹೇಳಿ ಮಾತಾಡಿರಬಹುದು. ಮೂರರಲ್ಲಿ ಎರಡನೆಯದು ಅವನ ಮನಸ್ಸಿಗೆ ಹೆಚ್ಚು ಒಗ್ಗಿತು. ಗಂಡನ ಕಣ್ಣು ಹೋಗಿದ್ದು ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಆರು ದಿನದಿಂದ ಆಕೆ ಬಾಯಿ ಬಿಟ್ಟಿರಲಿಲ್ಲ.

ಬಾಗಿಲ ಹತ್ತಿರ ಅವನು ನಿಂತ. "ನೀವು ಒಂದು ಮಾತೂ ಆಡಬೇಡಿ," ಎಂದ ಪಿಸುದನಿಯಲ್ಲಿ. "ನನ್ನ ಹಿಂದೆ ಬಂದು ಎದುರಿಗೆ ನಿಂತ್ಕೊಳ್ಳಿ ಸಾಕು. ನಿಮ್ಮನ್ನ ನೋಡಿದಾಗ ಆಕೆ ಮುಖ ಹೇಗಾಗುತ್ತೆ ಅಂತ ನಾನು ನೋಡಬೇಕು."

ಅಡುಗೆಮನೆಯಲ್ಲಿ ನಡುಹಗಲಿನ ಬಿಸಿಲು ಕಿಟಕಿಯಿಂದ ಮೇಜಿನವರೆಗೂ ಚೆಲ್ಲಿತ್ತು. ಸತ್ತವನ ಹೆಂಡತಿ ಒಲೆಯ ಮುಂದಿದ್ದಳು. ತಿರುಗಿದಳು. ಆರು ದಿನದ ಅಳುವಿಗೆ ರೆಪ್ಪೆಗಳು ಬಾತುಕೊಂಡಿದ್ದವು.

"ಯಾರು?"

"ನಾನಮ್ಮ. ಠಾಣೆಯಿಂದ."

"ಓ, ನೀವಾ. ಕೂತ್ಕೊಳ್ಳಿ ಸಾರ್. ಒಬ್ಬರೇ ಬಂದಿರಾ?"

ಡಾಕ್ಟರಮ್ಮ ಅವಳಿಂದ ಎರಡು ಮಾರು ದೂರದಲ್ಲಿ, ಬಿಸಿಲಿಗೆ ಮುಖ ಕೊಟ್ಟು ನಿಂತಿದ್ದಳು.

ನಿಧಾನಿ ಒಮ್ಮೆ ಡಾಕ್ಟರಮ್ಮನ ಕಡೆ, ಒಮ್ಮೆ ಆಕೆಯ ಕಣ್ಣಿನ ಕಡೆ ನೋಡಿದ. ಉತ್ತರ ಕೊಡದೆ ಕುರ್ಚಿ ಎಳೆದುಕೊಂಡ. ಸದ್ದು ಬಂದ ಕಡೆಗೆ ಆಕೆ ಮುಖ ತಿರುಗಿಸಿದಳು.

"ಆರನೇ ತಾರೀಖು ನಿಮಗೊಂದು ಫೋನ್ ಬಂದಿತ್ತಾ ಅಮ್ಮಾ?"

"ಬಂದಿತ್ತಲ್ಲ. ಲ್ಯಾಬಿನ ಡಾಕ್ಟರಮ್ಮ ಮಾಡಿದ್ದರು." ಮುಚ್ಚುಮರೆ ಇಲ್ಲದ ಮಾತು. "ತಡೀರಿ, ಟೀ ಕೊಡ್ತೀನಿ. ಮೋಡ ಆಗಿದೆಯಾ ಸಾರ್? ಎರಡು ದಿನದಿಂದ ಮನೆಯೊಳಗೆ ಬೆಳಕೇ ಇಲ್ಲ. ಅತ್ತು ಅತ್ತು ಕಣ್ಣು ಮಂಜಾಗಿದೆಯೋ ಏನೋ."

ಆಕೆ ಒಂದು ಕೈಯಲ್ಲಿ ಮೇಜು ಸವರುತ್ತ ಲೋಟ ಹುಡುಕಿ, ಇನ್ನೊಂದು ಕೈಯಲ್ಲಿ ಕುದಿಯುವ ಪಾತ್ರೆ ಬಗ್ಗಿಸಿದಳು. ಟೀ ಲೋಟದ ಕಂಠಕ್ಕೆ ಬಂತು. ಕಂಠ ದಾಟಿತು. ಮೇಜಿನ ಮೇಲೆ ಹರಿದು ಆಕೆಯ ಬೆರಳಿನ ಕಡೆಗೆ ಹೊರಟಿತು. ಆಕೆ ಸುರಿಯುತ್ತಲೇ ಇದ್ದಳು.

"ಅಮ್ಮಾ, ಪಾತ್ರೆ ಕೆಳಗಿಡಿ! ಕೈ ತೆಗೀರಿ!" ಡಾಕ್ಟರಮ್ಮ ಕೂಗಿ ಮುಂದೆ ನುಗ್ಗಿದಳು.

ಆಕೆ ತಟಸ್ಥಳಾದಳು. ಬಿಸಿ ಟೀ ಬೆರಳಿಗೆ ತಗುಲಿದ್ದೂ ತಿಳಿದಂತೆ ಕಾಣಲಿಲ್ಲ. ಮುಖವನ್ನು ನಿಧಾನವಾಗಿ ಆ ದನಿ ಬಂದ ಕಡೆಗೆ ತಿರುಗಿಸಿದಳು. ಆರು ದಿನದಲ್ಲಿ ಮೊದಲ ಬಾರಿಗೆ ಆ ಮುಖದಲ್ಲಿ ನೆಮ್ಮದಿಯಂಥದ್ದೊಂದು ಮೂಡಿತು.

"ಬಂದಿರಾ ಡಾಕ್ಟರಮ್ಮಾ! ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದ ದನಿ, ಮರೆಯೋಕಾಗುತ್ತಾ?"

ಪಾತ್ರೆ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ ತಡಕಾಡಿದಳು. ಅಂಗೈಯನ್ನು ಮುಂದೆ ಚಾಚಿದಳು. ಅದರಲ್ಲಿ ಎರಡು ದಪ್ಪ ಬಿಳಿ ಮಾತ್ರೆಗಳಿದ್ದವು.

"ಕುರಿ ಸಾಕೋ ಮನೆಯವರೂ ಹುಳಕ್ಕೆ ಇದನ್ನ ತಗೋಬೇಕು ಅಂತ ಅವರ ಕೈಲೇ ಕಳಿಸಿದ್ದಿರಲ್ಲ. ಕಣ್ಣು ಮಂಜು ಅಂತ ಗೊಣಗ್ತಾನೇ ಅವರು ತಮ್ಮ ಪಾಲಿನದು ಮುಗಿಸಿದ್ರು. ನನ್ನದು ಇನ್ನೆರಡು ಉಳಿದಿದೆ," ಎಂದಳು. "ಇವತ್ತಿನದು ಈಗಲೇ ತಗೊಳ್ಳಲಾ ಡಾಕ್ಟರಮ್ಮ, ಊಟ ಆದ ಮೇಲಾ?"